ಸಿಂಹದ ಬಾಯಿಗೆ ಹಾಕಿದ ಕಾಗದ

1710ರ ಲಂಡನ್ನಿನಲ್ಲಿ ಕುರ್ಚಿ, ಮಂಚಗಳಿಗೆ ಮೆತ್ತೆ ಕೂರಿಸಿ ಹೊಟ್ಟೆ ಹೊರೆಯುವ ಒಬ್ಬನಿದ್ದ. ಬೆಳಕು ಹರಿಯುವ ಮುಂಚೆ ಎದ್ದು ಪತ್ರಿಕೆ ಓದುತ್ತಿದ್ದ. ಹಾಲೆಂಡಿನ ಟಪಾಲು ಬಂತೇ ಎಂದು ವಿಚಾರಿಸಲು ನೆರೆಹೊರೆಯವರು ಏಳುವುದರೊಳಗೆ ಊರಿನ ಆ ತುದಿಗೆ ಎರಡು ಮೂರು ಸಲ ಹೋಗಿಬರುತ್ತಿದ್ದ. ಹೆಂಡತಿ ಮಕ್ಕಳಿಗಿಂತ ಪೋಲೆಂಡಿನ ರಾಜ ಅಗಸ್ಟಸ್‌ನದ್ದೇ ಅವನಿಗೆ ದೊಡ್ಡ ಚಿಂತೆ. ಹೀಗಿದ್ದ ಮೇಲೆ ಅಂಗಡಿ ಉಳಿದೀತೆ? ದಿವಾಳಿಯೆದ್ದು ಬೀದಿಗೆ ಬಿದ್ದ. ಆಮೇಲೊಂದು ದಿನ ಪಾರ್ಕಿನಲ್ಲಿ ಹಳೆಯ ನೆರೆಯವನೊಬ್ಬ ಸಿಕ್ಕಾಗ ಯುರೋಪಿನ ಯುದ್ಧಗಳನ್ನೆಲ್ಲ ಚರ್ಚಿಸಿ ಮುಗಿಸಿ, ಕೊನೆಗೆ ಕಿವಿಯಲ್ಲಿ ಸಣ್ಣದೊಂದು ಸಾಲ ಕೇಳಿದ. ಕನಿಕರಪಟ್ಟ ನೆರೆಯವನು ಐದು ಶಿಲ್ಲಿಂಗ್ ಕೊಡುತ್ತೇನೆಂದ. ತುರ್ಕಿಯ ಸುಲ್ತಾನನನ್ನು ಕಾನ್‌ಸ್ಟಾಂಟಿನೋಪಲ್‌ನಿಂದ ಓಡಿಸಿದ ದಿನ ಐದು ಪೌಂಡ್ ವಾಪಸು ಕೊಡಬೇಕೆಂಬುದು ಷರತ್ತು. ದುಡ್ಡಿಲ್ಲದ ಈ ರಾಜಕಾರಣಿ ಒಪ್ಪಿದ. ಆದರೆ ಯುರೋಪಿನ ಸದ್ಯದ ಪರಿಸ್ಥಿತಿಯಲ್ಲಿ ಅಂಥದ್ದು ಯಾಕೆ ಸಾಧ್ಯವಿಲ್ಲ ಎಂಬುದನ್ನು ಪೂರ್ತಿ ವಿವರಿಸಿದ ಮೇಲೆಯೇ ಹಣಕ್ಕೆ ಕೈಯೊಡ್ಡಿದ.

ಇವನು ‘ಟ್ಯಾಟ್ಲರ್’ ಪತ್ರಿಕೆಗಾಗಿ ಜೋಸೆಫ್ ಅಡಿಸನ್ ಸೃಷ್ಟಿಸಿದ ಪಾತ್ರ. ಪಾತ್ರ ಕಲ್ಪಿತವಾದರೂ ಅಂಥವರ ಸಂತತಿ ಊರ ತುಂಬ ಇತ್ತು. ಅದಿಲ್ಲದಿದ್ದರೆ ಈ ನಗೆ ಯಾರನ್ನೂ ಮುಟ್ಟುತ್ತಿರಲಿಲ್ಲ. ಇದಕ್ಕೂ ಅರವತ್ತು ವರ್ಷ ಹಿಂದಿನ ಲಂಡನ್ನಿನಲ್ಲಿ ಮೆತ್ತೆ ಹೊಲಿಯುವವನಿಗೆ ಪೋಲೆಂಡಿನ ರಾಜನ ಉಸಾಬರಿ ಇರಲಿಲ್ಲ. ಇದ್ದರೂ ಅದನ್ನು ಹೇಳಿಕೊಳ್ಳಲು ಜಾಗವಿರಲಿಲ್ಲ. ರಾಜ್ಯದ ವಿಚಾರ ರಾಜನಿಗೂ ಮಂತ್ರಿಗಳಿಗೂ ಸೇರಿದ್ದು, ಗ್ರಹಗಳ ವಿಚಾರ ಲ್ಯಾಟಿನ್ ಬಲ್ಲವರಿಗೆ ಸೇರಿದ್ದು. ಗುರುತು ಪರಿಚಯವಿಲ್ಲದ ನಾಲ್ಕು ಜನ ಒಂದೆಡೆ ಕೂತು ಇವೆರಡರ ಬಗ್ಗೆಯೂ ಬಾಯಿ ಹಾಕುವ ಚಾಳಿ ಅಲ್ಲಿ ಶುರುವಾದದ್ದು ಒಂದು ಕಪ್ಪು ಪಾನೀಯದ ನೆಪದಲ್ಲಿ.

ಕಾಫಿ ಯುರೋಪಿಗೆ ಬರುವ ಮೊದಲೇ ಅದರ ಸುತ್ತ ಜಗಳ ಎದ್ದಿತ್ತು. 1511ರಲ್ಲಿ ಮೆಕ್ಕಾದ ಅಧಿಕಾರಿಯೊಬ್ಬ ಅದನ್ನು ನಿಷೇಧಿಸಿದ್ದ. ಇಸ್ತಾಂಬುಲ್ಲಿನಲ್ಲಿ ಹದಿನಾರನೆಯ ಶತಮಾನದ ನಡುವಿನಲ್ಲಿ ಕಾಫಿ ಮನೆಗಳು ತೆರೆದವು. 1633ರಲ್ಲಿ ಸುಲ್ತಾನ ನಾಲ್ಕನೆಯ ಮುರಾದ್ ಅವುಗಳನ್ನು ಮುಚ್ಚಿಸಿದ. ಎಲ್ಲೆಡೆಯೂ ಆಳುವವರ ಕಣ್ಣು ಕುಡಿಯುವುದಕ್ಕಿಂತ ಹೆಚ್ಚಾಗಿ ಅಲ್ಲಿ ಕೂತವರು ಆಡುವ ಮಾತಿನ ಮೇಲಿತ್ತು. ಆ ಕಾಲಕ್ಕೆ ಬೀಜವೆಲ್ಲ ಬರುತ್ತಿದ್ದದ್ದು ಯೆಮನ್ನಿನಿಂದ, ಮೋಕಾ ಬಂದರಿನ ದಾರಿಯಾಗಿ. ಬಾಬಾಬುಡನ್ ಏಳು ಬೀಜ ಅಡಗಿಸಿ ತಂದು ಗಿರಿಯಲ್ಲಿ ಬಿತ್ತಿದರೆಂದು ಚಿಕ್ಕಮಗಳೂರಿನವರು ಹೇಳುವ ಕಥೆಯೂ ಹದಿನೇಳನೆಯ ಶತಮಾನದ್ದು, ಇದೇ ಯೆಮನ್ನಿನದ್ದು.

ಲಂಡನ್ನಿಗೆ ಕಾಫಿ ಅಂಗಡಿ ತಂದವನು ಒಬ್ಬ ಆಳು. ತುರ್ಕಿಯ ಸ್ಮಿರ್ನಾದಲ್ಲಿ ವ್ಯಾಪಾರ ಮಾಡಿ ಬಂದಿದ್ದ ಡೇನಿಯಲ್ ಎಡ್ವರ್ಡ್ಸ್‌ಗೆ ಅಲ್ಲಿಯೇ ಕಾಫಿಯ ಚಟ ಅಂಟಿತ್ತು. ಅವನ ಮನೆಗೆ ಕಾಫಿ ಕುಡಿಯಲೆಂದೇ ಬರುವ ಗೆಳೆಯರ ಕಾಟ ಹೆಚ್ಚಿ, ಕಾಫಿ ಕಾಸುತ್ತಿದ್ದ ಪಾಸ್ಕ್ವಾ ರೋಸೆಯನ್ನು ಕಾರ್ನ್‌ಹಿಲ್ಲಿನ ಸೇಂಟ್ ಮೈಕೇಲ್ ಓಣಿಯಲ್ಲಿ ಅಂಗಡಿ ಇಡಲು ಕೂರಿಸಿದ. ಅದು 1652. ಹೊಟ್ಟೆಯುರಿದ ಸುತ್ತಲಿನ ಸಾರಾಯಿ ಅಂಗಡಿಯವರು, ಇವನು ಪರದೇಶಿ, ಇವನಿಗೆ ಇಲ್ಲಿ ಮಾರುವ ಹಕ್ಕಿಲ್ಲ ಎಂದು ದೂರು ಕೊಟ್ಟರು. ಊರಿನ ಹಕ್ಕಿದ್ದ ಒಬ್ಬ ಕೋಚ್‌ಮನ್‌ನನ್ನು ಪಾಲುದಾರ ಮಾಡಿಕೊಂಡು ಅಂಗಡಿ ಉಳಿಯಿತು.

ಕಾಲವೂ ಕೂಡಿಬಂದಿತ್ತು. ಮೂರು ವರ್ಷದ ಹಿಂದೆಯಷ್ಟೇ ಇಂಗ್ಲೆಂಡ್ ತನ್ನ ರಾಜನ ತಲೆ ಕಡಿದಿತ್ತು. ಮುಂದೆ ದೇಶವನ್ನು ಆಳಬೇಕಾದವರು ಯಾರು, ಹೇಗೆ ಎಂಬುದು ಪುಸ್ತಕದ ಪ್ರಶ್ನೆಯಾಗಿ ಉಳಿದಿರಲಿಲ್ಲ. 1659ರ ಚಳಿಗಾಲದಲ್ಲಿ ವೆಸ್ಟ್‌ಮಿನ್‌ಸ್ಟರ್ ಬಳಿ ಮೈಲ್ಸ್ ಎಂಬವನ ಕಾಫಿ ಮನೆಯಲ್ಲಿ ಜೇಮ್ಸ್ ಹ್ಯಾರಿಂಗ್ಟನ್ ಎಂಬ ಗಣರಾಜ್ಯವಾದಿ ದಿನಾ ಸಂಜೆ ಒಂದು ಕೂಟ ನಡೆಸತೊಡಗಿದ. ‘ರೋಟಾ’ ಎಂದು ಅದರ ಹೆಸರು. ಅಲ್ಲಿಗೆಂದೇ ಮೊಟ್ಟೆಯಾಕಾರದ ಮೇಜೊಂದನ್ನು ಮಾಡಿಸಿದ್ದರು. ಸುತ್ತ ಕೂತವರ ಮಾತು ತುಂಡಾಗದಂತೆ ಮೈಲ್ಸ್ ಒಳಗೆ ನುಗ್ಗಿ ಕಾಫಿ ಕೊಡಲೆಂದು ಮೇಜಿನ ನಡುವೆ ಹಾದಿ ಬಿಟ್ಟಿದ್ದರು. ವಾದ ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಗುಟ್ಟಾಗಿ ಮತ ಹಾಕಿ ಯಾವ ಪಕ್ಷ ಗೆದ್ದಿತೆಂದು ಎಣಿಸುತ್ತಿದ್ದರು. ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಹದಿನೆಂಟು ಪೆನ್ನಿ ಕೊಟ್ಟು ಸದಸ್ಯನಾದ, ರಾತ್ರಿ ಒಂಬತ್ತರವರೆಗೆ ಕೂತು ಕೇಳಿದ. ಈ ವಾದಗಳ ಮುಂದೆ ಪಾರ್ಲಿಮೆಂಟಿನ ಮಾತು ಸಪ್ಪೆ ಎನಿಸುತ್ತಿತ್ತೆಂದು ಇನ್ನೊಬ್ಬ ಶ್ರೋತೃ ಜಾನ್ ಆಬ್ರಿ ಬರೆದಿಟ್ಟ. 1660ರಲ್ಲಿ ರಾಜವಂಶ ಮರಳಿತು, ಕೂಟ ಚೆದುರಿತು. ಮರುವರ್ಷ ಹ್ಯಾರಿಂಗ್ಟನ್ ಸೆರೆಮನೆ ಸೇರಿದ.

ಆದರೆ ಕಾಫಿ ಮನೆಗಳು ಉಳಿದವು, ಬೆಳೆದವು. ಒಂದು ಪೆನ್ನಿ ಕೊಟ್ಟರೆ ಕಾಫಿ, ಬೆಂಕಿಯ ಕಾವು, ಮೇಜಿನ ಮೇಲಿನ ಪತ್ರಿಕೆ ಎಲ್ಲವೂ ಸಿಕ್ಕುತ್ತಿದ್ದವು. ಪೆನ್ನಿ ವಿಶ್ವವಿದ್ಯಾಲಯ ಎಂಬ ಅಡ್ಡಹೆಸರು ಅದಕ್ಕೇ ಬಂತು. 1674ರಲ್ಲಿ ಅಚ್ಚಾದ ಒಂದು ಹಾಳೆ ಕಾಫಿ ಮನೆಯ ನಿಯಮಗಳನ್ನು ಪದ್ಯದಲ್ಲಿ ಹೇಳುತ್ತದೆ. ಯಾರು ಬಂದರೂ ಖಾಲಿ ಇದ್ದಲ್ಲಿ ಕೂರಬೇಕು, ದೊಡ್ಡವರು ಬಂದರೆಂದು ಯಾರೂ ಏಳಬೇಕಿಲ್ಲ. ಆಣೆ ಹಾಕಿದವನಿಗೆ ಹನ್ನೆರಡು ಪೆನ್ನಿ ದಂಡ. ಜಗಳ ತೆಗೆದವನು ಎಲ್ಲರಿಗೂ ಕಾಫಿ ಕುಡಿಸಬೇಕು. ಬರೆದವನು ಅರ್ಧ ತಮಾಷೆಗೇ ಬರೆದಂತಿದೆ. ನಿಯಮಗಳನ್ನು ನಿಜಕ್ಕೂ ಪಾಲಿಸಿದ್ದರೆ ಮಾಲೀಕರು ಜಗಳಗಂಟರನ್ನು ಹುಡುಕಿ ಕರೆತಂದು ಕೂರಿಸುತ್ತಿದ್ದರು.

ಎಲ್ಲರಿಗೂ ಸಮಾನ ಆಸನ ಎಂಬ ಮಾತಿಗೆ ದೊಡ್ಡ ತೂತುಗಳಿದ್ದವು. ಹೆಂಗಸರು ಕಾಫಿ ಮನೆ ನಡೆಸಬಹುದಿತ್ತು, ಕಾಫಿ ಹಂಚಬಹುದಿತ್ತು, ಮೇಜಿಗೆ ಕೂತು ವಾದಿಸುವಂತಿರಲಿಲ್ಲ. ತಪ್ಪಿಸಿಕೊಂಡ ಗುಲಾಮರನ್ನು ಹಿಡಿದುಕೊಟ್ಟವರು ಇನಾಮಿಗೆ ಇಂಥ ಕಾಫಿ ಮನೆಗೆ ಬರಬೇಕೆಂಬ ಜಾಹೀರಾತುಗಳು ಅದೇ ಪತ್ರಿಕೆಗಳಲ್ಲಿ, ಅದೇ ಮೇಜುಗಳ ಮೇಲೆ ಬಿದ್ದಿರುತ್ತಿದ್ದವು. ಸ್ವಾತಂತ್ರ್ಯದ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿದವರು ಅವನ್ನೂ ಓದಿ ಮಗುಚಿದರು.

ರಾಜ ಎರಡನೆಯ ಚಾರ್ಲ್ಸ್‌ಗೆ ಈ ಮಾತುಕತೆ ಸೇರಲಿಲ್ಲ. ಸುಳ್ಳು ಸುದ್ದಿ ಹರಡುವುದನ್ನೂ ರಾಜ್ಯದ ವಿಷಯದಲ್ಲಿ ನಾಲಗೆ ಹರಿಬಿಡುವುದನ್ನೂ ತಡೆಯಬೇಕೆಂದು 1672ರಲ್ಲೇ ಒಂದು ಘೋಷಣೆ ಹೊರಡಿಸಿದ. ನಾಟಲಿಲ್ಲ. 1675ರ ಡಿಸೆಂಬರ್ 29ರಂದು ಇನ್ನೊಂದು ಬಂತು. ಜನವರಿ 10ರಿಂದ ಎಲ್ಲ ಕಾಫಿ ಮನೆಗಳೂ ಬಂದ್. ಕಾರಣವಾಗಿ ಕೊಟ್ಟದ್ದು ಎರಡು ದೂರು. ಕಸುಬುದಾರರು ಕೆಲಸ ಬಿಟ್ಟು ಅಲ್ಲಿ ಕೂತು ಹೊತ್ತು ಕಳೆಯುತ್ತಾರೆ, ಸರಕಾರದ ಮೇಲೆ ಸುಳ್ಳು ಅಪವಾದ ಹಬ್ಬಿಸುತ್ತಾರೆ. ಇವೆರಡೂ ಪೂರಾ ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮೆತ್ತೆಯವನ ಕಥೆ ಓದಿದವರಿಗೆ ಮೊದಲನೆಯದು ಗೊತ್ತು, ಎರಡನೆಯದಕ್ಕೆ ಆ ಕಾಲದ ಗಾಳಿಸುದ್ದಿಗಳೇ ಸಾಕ್ಷಿ.

ಮಾಲೀಕರು ಅರ್ಜಿ ಹಿಡಿದು ಅರಮನೆಗೆ ಓಡಿದರು. ಸರಕಾರವೇ ಕೊಟ್ಟಿದ್ದ ಲೈಸೆನ್ಸ್‌ಗಳನ್ನು ಅವಧಿಗೆ ಮುಂಚೆ ರದ್ದು ಮಾಡಬಹುದೇ ಎಂಬ ಬಗ್ಗೆ ನ್ಯಾಯಾಧೀಶರಲ್ಲೇ ಒಮ್ಮತವಿರಲಿಲ್ಲ. ಕಾಫಿಯ ಮೇಲಿನ ಸುಂಕ ಖಜಾನೆಗೆ ಬೇರೆ ಬರುತ್ತಿತ್ತು. ಜನವರಿ 8ರಂದು, ಅಂದರೆ ಬಾಗಿಲು ಮುಚ್ಚಬೇಕಿದ್ದ ದಿನಕ್ಕೆ ಎರಡು ದಿನ ಮೊದಲು, ರಾಜ ಹಿಂದೆ ಸರಿದ. ಕೆಟ್ಟ ಮಾತಿಗೂ ಕೆಟ್ಟ ಕಾಗದಕ್ಕೂ ಜಾಗ ಕೊಡುವುದಿಲ್ಲವೆಂದು ಮಾಲೀಕರು ಮುಚ್ಚಳಿಕೆ ಬರೆದುಕೊಟ್ಟು ಒಂದಿಷ್ಟು ತಿಂಗಳು ನಡೆಸಬಹುದೆಂದಾಯಿತು. ಆ ತಿಂಗಳುಗಳು ಮುಗಿದವು, ಯಾರೂ ಬಾಗಿಲು ಹಾಕಲಿಲ್ಲ.

ರಾಜಕೀಯದ ಮೇಜಿನ ಪಕ್ಕದಲ್ಲೇ ವಿಜ್ಞಾನದ ಮೇಜೂ ಇತ್ತು. ರಾಯಲ್ ಸೊಸೈಟಿಯ ರಾಬರ್ಟ್ ಹುಕ್‌ನ ದಿನಚರಿಯಲ್ಲಿ ಅರವತ್ತಕ್ಕೂ ಹೆಚ್ಚು ಕಾಫಿ ಮನೆಗಳ ಹೆಸರು ಸಿಗುತ್ತವೆ. ಸೊಸೈಟಿಯ ಸಭೆಯಲ್ಲಿ ಸಭ್ಯವಾಗಿ ಮುಗಿದ ತಕರಾರು ಕಾಫಿ ಮನೆಯಲ್ಲಿ ಮತ್ತೆ ಭುಗಿಲೇಳುತ್ತಿತ್ತು. 1684ರ ಜನವರಿಯಲ್ಲಿ ಹುಕ್, ಎಡ್ಮಂಡ್ ಹ್ಯಾಲಿ, ಕ್ರಿಸ್ಟೋಫರ್ ರೆನ್ ಮೂವರ ನಡುವೆ ನಡೆದ ಮಾತು, ಕಾಫಿ ಮನೆಯಲ್ಲೇ ನಡೆದದ್ದೆಂದು ರೂಢಿ, ಚರಿತ್ರೆಗೇ ಸೇರಿತು. ಸೂರ್ಯನ ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆಂದು ಇಟ್ಟುಕೊಂಡರೆ ಗ್ರಹಗಳ ಚಲನೆಯ ನಿಯಮಗಳನ್ನೆಲ್ಲ ಅದರಿಂದ ಸಾಧಿಸಿ ತೋರಿಸಬಹುದೇ? ತನಗೆ ಉತ್ತರ ಗೊತ್ತು ಎಂದ ಹುಕ್. ಆದರೆ ಈಗ ಹೇಳುವುದಿಲ್ಲ, ಬೇರೆಯವರು ಒದ್ದಾಡಿ ಸೋತ ಮೇಲೆ ಹೇಳಿದರೆ ಅದರ ಬೆಲೆ ತಿಳಿಯುತ್ತದೆ ಎಂದ! ರೆನ್ ಇದನ್ನು ನಂಬದೆ, ಎರಡು ತಿಂಗಳಲ್ಲಿ ಸಾಧಿಸಿ ತೋರಿಸಿದವರಿಗೆ ನಲವತ್ತು ಶಿಲ್ಲಿಂಗ್ ಬೆಲೆಯ ಪುಸ್ತಕ ಬಹುಮಾನ ಎಂದ. ಗಡುವು ಕಳೆಯಿತು, ಹುಕ್ ಬಾಯಿ ಬಿಡಲಿಲ್ಲ. ಆಗಸ್ಟಿನಲ್ಲಿ ಹ್ಯಾಲಿ ಕೇಂಬ್ರಿಜ್‌ಗೆ ಹೋಗಿ ಐಸಾಕ್ ನ್ಯೂಟನ್‌ನನ್ನು ಕೇಳಿದ. ಅಂಥ ಸೆಳೆತಕ್ಕೆ ಒಳಗಾದ ಗ್ರಹದ ಹಾದಿ ದೀರ್ಘವೃತ್ತ ಎಂದ ನ್ಯೂಟನ್, ಲೆಕ್ಕ ಹಿಂದೆಯೇ ಮಾಡಿಟ್ಟಿದ್ದೇನೆ ಎಂದು ಹುಡುಕಿದರೆ ಕಾಗದ ಸಿಗಲಿಲ್ಲ. ಮತ್ತೆ ಬರೆದು ಕಳಿಸಿದ. ಅದು ಬೆಳೆದು 1687ರಲ್ಲಿ ಹ್ಯಾಲಿಯ ಖರ್ಚಿನಲ್ಲಿ ‘ಪ್ರಿನ್ಸಿಪಿಯಾ’ ಆಗಿ ಅಚ್ಚಾಯಿತು. ಪಂಥ ಕಟ್ಟಿದ ಪುಸ್ತಕವನ್ನು ಯಾರೂ ಗೆಲ್ಲಲಿಲ್ಲ.

ಇದು ಪಂಡಿತರ ಮಾತಾಯಿತು. ಲ್ಯಾಟಿನ್ ಬಾರದವರಿಗೆ ದಾರಿ ತೆರೆದವನು ಪುಸ್ತಕ ವ್ಯಾಪಾರಿ ಜಾನ್ ಡಂಟನ್. 1691ರ ಮಾರ್ಚ್‌ನಲ್ಲಿ ಅವನು ‘ಅಥೀನಿಯನ್ ಮರ್ಕ್ಯುರಿ’ ಎಂಬ ಪತ್ರಿಕೆ ಶುರುಮಾಡಿದ. ಓದುಗರು ಹೆಸರು ಹಾಕದೆ ಯಾವ ಪ್ರಶ್ನೆಯನ್ನಾದರೂ ಸ್ಮಿತ್ ಎಂಬವನ ಕಾಫಿ ಮನೆಯ ವಿಳಾಸಕ್ಕೆ ಕಳಿಸಬಹುದು, ಪಂಡಿತರ ಮಂಡಲಿಯೊಂದು ಉತ್ತರಿಸುತ್ತದೆ. ಮಂಡಲಿ ಎಂದರೆ ಮೂರು ನಾಲ್ಕು ಜನ: ಡಂಟನ್, ಗಣಿತ ಬಲ್ಲ ರಿಚರ್ಡ್ ಸಾಲ್ಟ್, ಡಂಟನ್‌ನ ಷಡ್ಡಕ ಪಾದ್ರಿ ಸ್ಯಾಮ್ಯುಯೆಲ್ ವೆಸ್ಲಿ, ಆಗೀಗ ಇನ್ನೊಬ್ಬರು. ಗಾಳಿ ಎಲ್ಲಿಂದ ಬೀಸುತ್ತದೆ, ಆತ್ಮ ಎಲ್ಲಿರುತ್ತದೆ, ಮದುವೆಯಾಗಲೋ ಬೇಡವೋ ಎಂಬ ಪ್ರಶ್ನೆಗಳೆಲ್ಲ ಒಂದೇ ಹಾಳೆಯಲ್ಲಿ ಬೆರೆತು ಬಂದವು. ಕಾಫಿ ಮನೆಯ ಮೇಜಿಗೆ ಬರಲಾಗದ ಹೆಂಗಸರೂ ಕಾಗದದಲ್ಲಿ ಬಂದರು. ಅವರ ಪ್ರಶ್ನೆಗಳಿಗೆಂದೇ ತಿಂಗಳ ಮೊದಲ ಮಂಗಳವಾರವನ್ನು ಡಂಟನ್ ಬಿಟ್ಟುಕೊಟ್ಟ. ಇಡೀ ಕಥೆಯಲ್ಲಿ ನಿಜವಾದ ತಿರುವು ಇದೇ. ಅಲ್ಲಿಯವರೆಗೆ ಮಾತಿಗೆ ದೇಹ ಬೇಕಿತ್ತು, ಪೆನ್ನಿ ಬೇಕಿತ್ತು, ಗಂಡಸಾಗಿರಬೇಕಿತ್ತು. ಹೆಸರಿಲ್ಲದ ಕಾಗದಕ್ಕೆ ಇವು ಯಾವುವೂ ಬೇಕಿರಲಿಲ್ಲ.

1695ರಲ್ಲಿ ಮುದ್ರಣಕ್ಕೆ ಮುಂಚಿತ ಅನುಮತಿ ಬೇಕೆನ್ನುವ ಕಾಯಿದೆ ಬಿದ್ದುಹೋಯಿತು. ಪತ್ರಿಕೆಗಳು ಮಳೆಗಾಲದ ಅಣಬೆಯಂತೆ ಎದ್ದವು. ಮೊದಲ ದಿನಪತ್ರಿಕೆ 1702ರಲ್ಲಿ ಬಂತು. 1709ರಲ್ಲಿ ರಿಚರ್ಡ್ ಸ್ಟೀಲ್ ‘ಟ್ಯಾಟ್ಲರ್’ ಆರಂಭಿಸಿದಾಗ ಪತ್ರಿಕೆಯ ಭಾಗಗಳಿಗೆ ಕಾಫಿ ಮನೆಗಳ ಹೆಸರನ್ನೇ ಇಟ್ಟ: ಕಾವ್ಯಕ್ಕೆ ವಿಲ್ಸ್, ವಿದ್ವತ್ತಿಗೆ ಗ್ರೀಸಿಯನ್, ದೇಶವಿದೇಶದ ಸುದ್ದಿಗೆ ಸೇಂಟ್ ಜೇಮ್ಸಸ್. ಎರಡು ವರ್ಷದ ಮೇಲೆ ‘ಸ್ಪೆಕ್ಟೇಟರ್’ ಬಂತು. ದಿನಕ್ಕೆ ಮೂರು ಸಾವಿರ ಪ್ರತಿ ಹೋಗುತ್ತದೆ, ಒಂದೊಂದನ್ನು ಇಪ್ಪತ್ತು ಜನ ಓದುತ್ತಾರೆ, ಹಾಗಾಗಿ ಓದುಗರು ಅರವತ್ತು ಸಾವಿರ ಎಂದು ಅಡಿಸನ್ ಅದರಲ್ಲಿ ಲೆಕ್ಕ ಹಾಕಿದ. ಓದುಗರ ಸಂಖ್ಯೆಯನ್ನು ಉಬ್ಬಿಸುವ ಸಂಪಾದಕರ ಕಲೆಗೆ ಇಷ್ಟು ಹಳೆಯ ಚರಿತ್ರೆ ಇದೆ.

1713ರಲ್ಲಿ, ‘ಗಾರ್ಡಿಯನ್’ ಎಂಬ ಇನ್ನೊಂದು ಪತ್ರಿಕೆಯ ಕಾಲಕ್ಕೆ, ಅಡಿಸನ್ ಕೋವೆಂಟ್ ಗಾರ್ಡನ್ ಬಳಿಯ ಬಟನ್ಸ್ ಕಾಫಿ ಮನೆಯಲ್ಲಿ ಬಾಯಿ ತೆರೆದ ಸಿಂಹದ ತಲೆಯೊಂದನ್ನು ಕೂರಿಸಿದ. ಹೇಳುವುದಿದ್ದವರು ಬರೆದು ಅದರ ಬಾಯಿಗೆ ಹಾಕಬೇಕು. ಆರಿಸಿದ ಕಾಗದಗಳು ವಾರಕ್ಕೊಮ್ಮೆ ಸಿಂಹದ ಗರ್ಜನೆಯಾಗಿ ಅಚ್ಚಾಗುತ್ತವೆ. ವೆನಿಸ್‌ನ ಗೋಡೆಗಳಲ್ಲೂ ಸಿಂಹದ ಬಾಯಿಗಳಿದ್ದವು. ಅಲ್ಲಿ ಹಾಕಿದ ಚೀಟಿ ನೆರೆಯವನ ಮೇಲಿನ ಗುಟ್ಟು ದೂರಾಗಿ ನೇರ ಸರಕಾರದ ಕೈ ಸೇರುತ್ತಿತ್ತು. ಬಟನ್ಸ್‌ನ ಸಿಂಹ ನುಂಗಿದ್ದನ್ನು ಊರಿಗೆಲ್ಲ ಕೇಳುವಂತೆ ಉಗುಳುತ್ತಿತ್ತು. ನಡುವೆ ಒಬ್ಬ ಸಂಪಾದಕ ನಿಂತಿದ್ದ ಎಂಬುದನ್ನು ಮರೆಯುವಂತಿಲ್ಲ. ಅರ್ಧಕ್ಕರ್ಧ ಕಾಗದವನ್ನು ಅವನೇ ಬರೆದಿದ್ದರೂ ಕಂಡುಹಿಡಿಯುವುದು ಕಷ್ಟ.

ಪತ್ರಿಕೆ ಹೆಚ್ಚಿದಂತೆ ಕಾಫಿ ಮನೆಯವರ ಜೇಬಿಗೆ ಕತ್ತರಿ ಬಿತ್ತು. ಗಿರಾಕಿಗಳಿಗಾಗಿ ಎಲ್ಲವನ್ನೂ ತರಿಸಬೇಕಿತ್ತು. 1728ರ ಹೊತ್ತಿಗೆ ಅವರು ರೇಗಿ ಒಂದು ಯೋಜನೆ ಮುಂದಿಟ್ಟರು: ತಮ್ಮ ಗಿರಾಕಿಗಳಿಂದಲೇ ಸುದ್ದಿ ಬರೆಸಿಕೊಂಡು ತಮ್ಮದೇ ಪತ್ರಿಕೆ ಹೊರಡಿಸುವುದು. ಪತ್ರಿಕೆಗಳವರು ಗೇಲಿ ಮಾಡಿ ಅದನ್ನು ಮುಗಿಸಿದರು. ನಿಧಾನವಾಗಿ ಕಾಫಿ ಮನೆಗಳೂ ಚದುರಿದವು. ಹಡಗಿನ ವಿಮೆಯವರ ಲಾಯ್ಡ್ಸ್ ವಿಮಾ ಸಂಸ್ಥೆಯಾಯಿತು, ಷೇರು ದಲ್ಲಾಳಿಗಳ ಜೊನಾಥನ್ಸ್‌ನಿಂದ ಷೇರುಪೇಟೆ ಹುಟ್ಟಿತು, ಶ್ರೀಮಂತರ ಚಾಕೊಲೇಟ್ ಮನೆ ವೈಟ್ಸ್ ಬಾಗಿಲಿಗೆ ಕಾವಲಿಟ್ಟು ಕ್ಲಬ್ಬಾಯಿತು.

ವಾದ ಮಾತ್ರ ಪತ್ರಿಕೆಯ ಪುಟಕ್ಕೆ ಹೋಗಿ ಕೂತಿತು. 1769ರ ಜನವರಿಯಿಂದ 1772ರವರೆಗೆ ‘ಪಬ್ಲಿಕ್ ಅಡ್ವರ್ಟೈಸರ್’ ಪತ್ರಿಕೆಯಲ್ಲಿ ‘ಜೂನಿಯಸ್’ ಎಂಬ ಸುಳ್ಳು ಹೆಸರಿನ ಪತ್ರಗಳು ಮಂತ್ರಿಗಳ ಚರ್ಮ ಸುಲಿದವು. 1769ರ ಡಿಸೆಂಬರ್ 19ರ ಪತ್ರವಂತೂ ನೇರ ರಾಜ ಮೂರನೆಯ ಜಾರ್ಜ್‌ನಿಗೇ. ಬರೆದವನಾರೆಂಬುದು ಮುದ್ರಕ ಹೆನ್ರಿ ವುಡ್‌ಫಾಲ್‌ನಿಗೂ ಗೊತ್ತಿರಲಿಲ್ಲ. ಇಬ್ಬರ ನಡುವಿನ ಕಾಗದಗಳು ಬೇರೆ ಹೆಸರಿನಲ್ಲಿ ಕಾಫಿ ಮನೆಗಳಲ್ಲಿ ಕಾದಿದ್ದು ಕೈ ಸೇರುತ್ತಿದ್ದವು. ಸರಕಾರ ಬರೆದವನನ್ನು ಹಿಡಿಯಲಾಗದೆ ಮುದ್ರಕನ ಮೇಲೆ ಮೊಕದ್ದಮೆ ಹೂಡಿತು. ಪತ್ರ ರಾಜದ್ರೋಹವೇ ಎಂಬುದನ್ನು ನ್ಯಾಯಾಧೀಶರು ನೋಡಿಕೊಳ್ಳುತ್ತಾರೆ, ಅಚ್ಚು ಹಾಕಿದ್ದು ಹೌದೋ ಅಲ್ಲವೋ ಅಷ್ಟನ್ನೇ ಹೇಳಿ ಎಂದು ವಿಚಾರಣೆ ನಡೆಸುತ್ತಿದ್ದ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಜೂರಿಗೆ ಸೂಚಿಸಿದ. 1770ರ ಜೂನ್‌ನಲ್ಲಿ ಜೂರಿಯವರು ಹೊರಬಂದು, ವುಡ್‌ಫಾಲ್ ಅಚ್ಚು ಹಾಕಿ ಪ್ರಕಟಿಸಿದ್ದಕ್ಕೆ ಮಾತ್ರ ತಪ್ಪಿತಸ್ಥ ಎಂದರು. ಆ ‘ಮಾತ್ರ’ವನ್ನು ಏನು ಮಾಡಬೇಕೆಂದು ನ್ಯಾಯಾಲಯಕ್ಕೆ ತಿಳಿಯದೆ ಮರುವಿಚಾರಣೆಗೆ ಆಜ್ಞೆಯಾಯಿತು, ಶಿಕ್ಷೆ ಆಗಲಿಲ್ಲ. ವುಡ್‌ಫಾಲ್ 1772ರಲ್ಲಿ ಆ ಪತ್ರಗಳನ್ನು ಎರಡು ಸಂಪುಟಗಳಲ್ಲಿ ಅಚ್ಚು ಹಾಕಿ ಮಾರಿದ.