ನಾಲ್ಕನೇ ನಂಬರಿನಲ್ಲಿ ಮಾತ್ರ ಗಾಳಿ

ಮೇ ತಿಂಗಳಲ್ಲಿ ಕಲಬುರಗಿ ಸೀಮೆಯ ಕುಸನೂರಿನಲ್ಲಿ ನಿಂತು ಕಾರಿನ ಹೀಟರ್ ಫ್ಯಾನಿನ ಬಗ್ಗೆ ಮಾತೆತ್ತಿದರೆ ಎದುರಿಗಿದ್ದವರು ನಗುವುದು ಸಹಜ. ಬಿಸಿಲು 42 ಡಿಗ್ರಿ ದಾಟುವ ಸೀಮೆಯಲ್ಲಿ ಹೀಟರ್ ಯಾರಿಗೆ ಬೇಕು? ಆದರೆ ಡ್ಯಾಶ್‌ಬೋರ್ಡಿನ ಒಳಗೆ ಹೀಟರಿಗೊಂದು, ಎಸಿಗೊಂದು ಎಂದು ಎರಡು ಫ್ಯಾನ್ ಇರುವುದಿಲ್ಲ. ಎಡಗಡೆ ಗ್ಲೌವ್ ಬಾಕ್ಸಿನ ಹಿಂದೆ, ಅಂಚಿನ ಸುತ್ತ ಸಣ್ಣ ಸಣ್ಣ ಪಟ್ಟಿಗಳನ್ನು ನಿಲ್ಲಿಸಿದ ಡಬ್ಬಿಯಂತೆ ಕಾಣುವ ಒಂದೇ ಬ್ಲೋವರ್ ಎರಡೂ ಕೆಲಸ ಮಾಡುತ್ತದೆ. ಅದು ತಳ್ಳಿದ ಗಾಳಿ ಎಸಿಯ ಕೂಲಿಂಗ್ ಕಾಯಿಲ್ ಹಾಯ್ದು ಬರುತ್ತದೆ. ಆಮೇಲೆ ಎಂಜಿನ್ನಿನ ಬಿಸಿನೀರು ಹರಿಯುವ ಪುಟ್ಟ ರೇಡಿಯೇಟರಿನ ಮೂಲಕ ಹೋಗಬೇಕೋ ಬೇಡವೋ ಎಂಬುದನ್ನು ಒಂದು ಬಾಗಿಲು ತೀರ್ಮಾನಿಸುತ್ತದೆ. ಚಳಿ ದೇಶದವರ ಹೀಟರ್ ಫ್ಯಾನ್, ನಮ್ಮ ಎಸಿ ಬ್ಲೋವರ್ ಎರಡೂ ಒಂದೇ. ಮಳೆಗಾಲದಲ್ಲಿ ಮುಂದಿನ ಗಾಜಿಗೆ ಕವಿದ ಮಂಜನ್ನು ಒರೆಸುವುದೂ ಇದೇ. ಎಂಜಿನ್ ಕುದಿಯುವ ಹಾಗಾದಾಗ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ತಿರುವಿ, ಬೆವರು ಸುರಿಸುತ್ತ ಗಾಡಿಯನ್ನು ದಡ ಮುಟ್ಟಿಸುವ ಹಳೆಯ ಡ್ರೈವರುಗಳ ಉಪಾಯಕ್ಕೂ ಇದೇ ಆಧಾರ.

ಈ ಬ್ಲೋವರ್ ನಿಂತರೆ ಸಾಮಾನ್ಯವಾಗಿ ಬರುವ ಮೊದಲ ಮಾತು ‘ಮೋಟಾರ್ ಹೋಗಿದೆ’ ಎಂಬುದು. ಈ ತೀರ್ಪು ಅವಸರದ್ದು. ಬ್ಲೋವರ್ ನಿಂತಿತೇ ಎನ್ನುವುದಕ್ಕಿಂತ ಹೇಗೆ ನಿಂತಿತು ಎನ್ನುವುದು ಮುಖ್ಯ, ಏಕೆಂದರೆ ನಿಂತ ರೀತಿಯಲ್ಲೇ ಸಾಕ್ಷ್ಯವಿದೆ. ಗುಂಡಿ ತಿರುವಿ ಗಾಳಿ ಹೆಚ್ಚು ಕಡಿಮೆ ಮಾಡುವ ಸಾಮಾನ್ಯ ಕಾರನ್ನೇ ತೆಗೆದುಕೊಳ್ಳಿ. ಒಂದು, ಎರಡು, ಮೂರನೇ ನಂಬರಿನಲ್ಲಿ ಗಾಳಿ ಇಲ್ಲ, ನಾಲ್ಕರಲ್ಲಿ ಮಾತ್ರ ಜೋರಾಗಿ ಬರುತ್ತದೆ ಎಂದಿಟ್ಟುಕೊಳ್ಳಿ. ಮೋಟಾರಿನ ಮೇಲಿನ ಆರೋಪ ಅಲ್ಲಿಗೇ ಬಹುಮಟ್ಟಿಗೆ ಬಿದ್ದುಹೋಯಿತು. ಕೆಟ್ಟ ಮೋಟಾರು ನಾಲ್ಕನೇ ನಂಬರಿಗೆ ಮಾತ್ರ ರಿಯಾಯಿತಿ ತೋರಿಸುವುದಿಲ್ಲ. ಇಂಥ ಕಾರುಗಳಲ್ಲಿ ಕೆಳಗಿನ ವೇಗಗಳಿಗೆ ವಿದ್ಯುತ್ತು ರೆಸಿಸ್ಟರ್ ಎಂಬ ತಂತಿಸುರುಳಿಯ ಮೂಲಕ ಸುತ್ತಿಕೊಂಡು ಹೋಗುತ್ತದೆ, ನಾಲ್ಕನೆಯದಕ್ಕೆ ಅದನ್ನು ಬಿಟ್ಟು ನೇರ ದಾರಿ. ಸುತ್ತುದಾರಿ ಕಡಿದಿದೆ, ನೇರ ದಾರಿ ಉಳಿದಿದೆ. ಇದಕ್ಕೆ ತದ್ವಿರುದ್ಧವಾಗಿ ನಾಲ್ಕು ಮಾತ್ರ ಕೆಲಸ ಮಾಡದಿದ್ದರೆ ಸ್ವಿಚ್ಚಿನ ಆ ಒಂದು ಕಾಂಟ್ಯಾಕ್ಟನ್ನೋ ರಿಲೇಯನ್ನೋ ನೋಡಬೇಕು. ಮೋಟಾರಿನ ಸದ್ದು ಚೆನ್ನಾಗಿದ್ದು ಗಾಳಿ ಮಾತ್ರ ಬಡಕಲಾಗಿದ್ದರೆ ವಿದ್ಯುತ್ತಿನ ತಂಟೆಯೇ ಅಲ್ಲ: ಒಳಗೆ ಬರುವ ಗಾಳಿ ಸೋಸುವ ಫಿಲ್ಟರ್ ಕಟ್ಟಿದೆ, ಇಲ್ಲವೇ ಕೂಲಿಂಗ್ ಕಾಯಿಲಿನ ಮೇಲೆ ಮಂಜುಗಡ್ಡೆ ಕೂತಿದೆ.

ರೆಸಿಸ್ಟರ್ ಸುಟ್ಟಿತು, ಸರಿ. ಸುಟ್ಟದ್ದೇಕೆ? ಒಂದನೇ ನಂಬರಿನಲ್ಲಿ ಗಾಡಿಯ ವೋಲ್ಟೇಜ್ 13.5 ವೋಲ್ಟ್ ಇದ್ದು ಮೋಟಾರಿಗೆ ಸಿಗುವುದು 4.5 ವೋಲ್ಟ್ ಎಂದುಕೊಳ್ಳೋಣ. ಉಳಿದ 9 ವೋಲ್ಟ್ ರೆಸಿಸ್ಟರಿನಲ್ಲಿ ಖರ್ಚಾಗಬೇಕು. 4 ಆಂಪಿಯರ್ ಹರಿಯುತ್ತಿದ್ದರೆ ಅಲ್ಲಿ 36 ವಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಕೈಯಲ್ಲಿ ಹಿಡಿಯುವ ಸೋಲ್ಡರಿಂಗ್ ಕಡ್ಡಿ 25 ವಾಟಿನದು ಎಂಬುದನ್ನು ನೆನೆದರೆ ಈ ಲೆಕ್ಕದ ಬಿಸಿ ತಿಳಿಯುತ್ತದೆ. ಇಷ್ಟು ಶಾಖವನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡುವುದು ಹೇಗೆ? ಕಾರು ಮಾಡಿದವರು ಜಾಣರು. ರೆಸಿಸ್ಟರನ್ನು ಬ್ಲೋವರಿನ ಗಾಳಿಯ ದಾರಿಯಲ್ಲೇ ಕೂರಿಸಿದರು. ಯಾವ ಫ್ಯಾನಿನ ವೇಗವನ್ನು ಅದು ತಗ್ಗಿಸುತ್ತದೋ ಆ ಫ್ಯಾನೇ ಅದಕ್ಕೆ ಗಾಳಿ ಬೀಸಬೇಕು. ಗಾಳಿ ಸಾಲದೆ ಅತಿಯಾಗಿ ಕಾದರೆ ಕರಗಿ ದಾರಿ ಕಡಿಯಲೆಂದು ಅನೇಕ ಗಾಡಿಗಳಲ್ಲಿ ಒಂದು ಥರ್ಮಲ್ ಫ್ಯೂಸನ್ನೂ ಬೆಸೆದಿರುತ್ತಾರೆ. ಅಂದರೆ ರೆಸಿಸ್ಟರ್ ಸುಡುವುದು ಬಹಳ ಸಲ ಇನ್ನೊಂದು ಕಾಯಿಲೆಯ ಲಕ್ಷಣ. ಎರಡು ಕಾರಣ ಇರಬಹುದು: ಅದಕ್ಕೆ ತಾಗುವ ಗಾಳಿ ಕಡಿಮೆಯಾಗಿದೆ, ಇಲ್ಲವೇ ಅದರಲ್ಲಿ ಹರಿಯುವ ಕರೆಂಟು ಹೆಚ್ಚಾಗಿದೆ.

ಇಲ್ಲಿ ಅನೇಕರು ಒಂದು ತಪ್ಪು ಮಾಡುತ್ತಾರೆ. ಫಿಲ್ಟರಿನಲ್ಲಿ ಧೂಳು ಕಟ್ಟಿದರೆ ಮೋಟಾರಿಗೆ ಭಾರ ಹೆಚ್ಚಾಗಿ ಅದು ಹೆಚ್ಚು ಕರೆಂಟು ಎಳೆಯುತ್ತದೆ ಎಂದು ಹೇಳುವುದುಂಟು. ಕೇಳಲು ಸರಿಯೆನಿಸಿದರೂ ಆಗುವುದು ಉಲ್ಟಾ. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಅಂಗೈ ಅಡ್ಡ ಇಟ್ಟು ನೋಡಿ, ಮೋಟಾರಿನ ಸದ್ದು ಏರುತ್ತದೆ, ಅಂದರೆ ಅದು ಇನ್ನೂ ಜೋರಾಗಿ ತಿರುಗುತ್ತಿದೆ. ಈ ಬಗೆಯ ಫ್ಯಾನಿಗೆ ಗಾಳಿಯನ್ನು ಸಾಗಿಸುವುದೇ ಭಾರ. ಸಾಗಿಸಲು ಗಾಳಿಯೇ ಸಿಗದಿದ್ದರೆ ಅದು ಹಗುರವಾಗಿ ಸುತ್ತುತ್ತದೆ, ಕರೆಂಟು ಇಳಿಯುತ್ತದೆ. ಆದರೂ ಕಟ್ಟಿದ ಫಿಲ್ಟರ್ ರೆಸಿಸ್ಟರಿಗೆ ಅಪಾಯವೇ, ಕರೆಂಟು ಇಳಿದದ್ದಕ್ಕಿಂತ ತಂಪು ಕಳೆದುಕೊಂಡದ್ದು ಹೆಚ್ಚಾಗಿಬಿಡುತ್ತದೆ. ಕರೆಂಟು ನಿಜವಾಗಿ ಏರುವುದು ಮೋಟಾರಿನ ಅಚ್ಚು ತಿರುಗುವ ಬುಶ್ ಒಣಗಿ, ಚಕ್ರ ಬಿಗಿದು, ವೇಗ ತಗ್ಗಿದಾಗ. ತಿರುಗುವ ಮೋಟಾರು ತನ್ನೊಳಗೇ ಒಂದು ಹಿಮ್ಮುಖ ವೋಲ್ಟೇಜ್ ಹುಟ್ಟಿಸಿಕೊಂಡು ಬರುವ ಕರೆಂಟಿಗೆ ತಡೆಯೊಡ್ಡುತ್ತಿರುತ್ತದೆ. ನಿಧಾನವಾದಷ್ಟೂ ಆ ತಡೆ ಸಡಿಲವಾಗುತ್ತದೆ, ಪೂರ್ತಿ ನಿಂತರಂತೂ ಕರೆಂಟಿಗೆ ಹೇಳುವವರು ಕೇಳುವವರು ಇಲ್ಲ. ಹೀಗೆ ಎರಡು ಕಾರಣಗಳು ಕರೆಂಟನ್ನು ಎರಡು ದಿಕ್ಕಿಗೆ ಎಳೆಯುವುದರಿಂದ, ತಂತಿಯ ಸುತ್ತ ಹಾಕುವ ಡಿಸಿ ಕ್ಲ್ಯಾಂಪ್ ಮೀಟರಿನಿಂದ ಒಂದು ಅಳತೆ ತೆಗೆದರೆ ಯಾರು ಕಾರಣ ಎಂಬುದು ಬಯಲಾಗುತ್ತದೆ.

ಕಲಬುರಗಿ ಸೀಮೆಯಲ್ಲಿ ಮೊದಲ ಸಂಶಯ ಧೂಳಿನ ಮೇಲೆಯೇ ಹೋಗಬೇಕು. ಶಹಾಬಾದಿನ ಕಡೆ ಫರಸಿ ಕೊಯ್ಯುವ ಪುಡಿ, ಸೇಡಂ-ವಾಡಿ ಕಡೆಯ ಸಿಮೆಂಟ್ ಧೂಳು, ತೊಗರಿ ರಾಶಿ ಮಾಡುವ ದಿನಗಳ ಹೊಟ್ಟು, ಬೇಸಿಗೆಯಲ್ಲಿ ಎರೆಭೂಮಿ ಒಡೆದು ಏಳುವ ಕಪ್ಪು ಮಣ್ಣು, ಇವೆಲ್ಲ ಗಾಡಿಯೊಳಕ್ಕೆ ಹೋಗುವುದು ಬ್ಲೋವರಿನ ಬಾಯಿಂದಲೇ. ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ದಿನಾ ಓಡಾಡುವ ಗಾಡಿಗೆ, ಕಂಪನಿಯ ಪುಸ್ತಕ ಎಲ್ಲ ಊರಿಗೂ ಒಂದೇ ಎಂದು ಹೇಳಿದ ಕಿಲೋಮೀಟರಿಗೆ ಫಿಲ್ಟರ್ ಬದಲಿಸಿದರೆ ಸಾಲದು. ಇನ್ನು ಕೆಲವು ಅಗ್ಗದ ಮಾದರಿಗಳಲ್ಲಿ ಫಿಲ್ಟರಿನ ಜಾಗ ಇರುತ್ತದೆ, ಫಿಲ್ಟರೇ ಇರುವುದಿಲ್ಲ. ಅಲ್ಲಿ ಧೂಳು ಹಸಿ ಕಾಯಿಲಿಗೆ ಅಂಟಿ ಕೆಸರಾಗುತ್ತದೆ.

‘ಇಷ್ಟೆಲ್ಲ ಯಾಕ್ರೀ, ರೆಸಿಸ್ಟರ್ ಏನು ಭಾರಿ ಬೆಲೆಯದಾ? ಹೊಸದು ಹಾಕಿ, ಗಾಡಿ ಬಿಡಿ’ ಎಂದು ಮಿಸ್ತ್ರಿ ಕೇಳಬಹುದು. ಅವರ ಕಡೆಗೂ ನ್ಯಾಯವಿದೆ: ಬಾಗಿಲಲ್ಲಿ ಐದು ಗಾಡಿ ನಿಂತಿರುವಾಗ ಮೀಟರ್ ಹಿಡಿದು ಕೂರುವವನಿಗೆ ಹೊತ್ತಿನ ದುಡ್ಡು ಯಾರೂ ಕೊಡುವುದಿಲ್ಲ. ಆದರೆ ಬುಶ್ ಬಿಗಿದ ಮೋಟಾರಿಗೆ ಹೊಸ ರೆಸಿಸ್ಟರ್ ಹಾಕಿದರೆ ಅದೂ ಹಳೆಯದರ ದಾರಿ ಹಿಡಿಯುತ್ತದೆ, ಗಾಡಿ ಅದೇ ಬಾಗಿಲಿಗೆ ಮತ್ತೆ ಬರುತ್ತದೆ. ಎರಡನೆಯ ಸಲ ಸಿಟ್ಟಿಗೇಳುವ ಗಿರಾಕಿಗಿಂತ ಮೊದಲ ಸಲದ ಹತ್ತು ನಿಮಿಷ ಅಗ್ಗ.

ಯಾವ ನಂಬರಿನಲ್ಲೂ ಗಾಳಿಯಿಲ್ಲದಿದ್ದರೆ ತನಿಖೆ ಬೇರೆ. ಮೊದಲು ಫ್ಯೂಸ್. ಅದು ಸರಿಯಿದ್ದರೆ ಮೋಟಾರಿಗೆ ವೈರು ಸೇರಿಸುವ ಕಪ್ಲರ್ ಎಳೆದು ಹತ್ತಿರದಿಂದ ನೋಡಬೇಕು. ಬಿಳಿ ಪ್ಲಾಸ್ಟಿಕ್ ಒಂದು ಪಿನ್ನಿನ ಸುತ್ತ ಮಾತ್ರ ಕಂದು ಬಣ್ಣಕ್ಕೆ ತಿರುಗಿದೆಯೇ? ಮೂಗಿಗೆ ಹಿಡಿದರೆ ಸುಟ್ಟ ವಾಸನೆಯೇ? ಪಿನ್ ಸಡಿಲವಾಗಿ ಬರೀ 0.2 ಓಮ್ ತಡೆ ಹುಟ್ಟಿದರೂ 15 ಆಂಪಿಯರ್ ಹರಿಯುವಾಗ ಅಲ್ಲಿ 3 ವೋಲ್ಟ್ ಸೋರಿ, 45 ವಾಟ್ ಶಾಖ ಒಂದು ಗೋಧಿಕಾಳಿನಷ್ಟು ಜಾಗದಲ್ಲಿ ಕೂಡಿಕೊಳ್ಳುತ್ತದೆ. ಕಪ್ಲರ್ ಕಳಚಿ ಮೀಟರ್ ಇಟ್ಟು ‘12 ವೋಲ್ಟ್ ಬರುತ್ತಿದೆ, ಹಾಗಾದರೆ ಮೋಟಾರೇ ಕೆಟ್ಟಿದೆ’ ಎನ್ನುವ ವಾದ ಸೋಲುವುದು ಇಲ್ಲೇ. ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಇಲಿ ಕಡಿದು ಒಂದೇ ಎಳೆ ಉಳಿದ ವೈರಿನಲ್ಲೂ ಅದು ಪೂರ್ತಿ 12 ತೋರಿಸುತ್ತದೆ. ಅದೇ ಜಾಗಕ್ಕೆ ಇಂಡಿಕೇಟರಿನ 21 ವಾಟ್ ಬಲ್ಬು ಹಚ್ಚಿದರೆ ಸುಮಾರು ಒಂದೂಮುಕ್ಕಾಲು ಆಂಪಿಯರ್ ಬೇಕಾಗುತ್ತದೆ, ಬಹಳ ಕೆಟ್ಟ ವೈರು ಆಗ ಮಂಕು ಬೆಳಕಿನಲ್ಲಿ ತಪ್ಪೊಪ್ಪಿಕೊಳ್ಳುತ್ತದೆ. ಇನ್ನೂ ಒಳ್ಳೆಯದು, ಕಪ್ಲರ್ ಹಾಕಿಯೇ ಸ್ವಿಚ್ ಒತ್ತಿ, ಮೋಟಾರಿನ ಎರಡು ಕಾಲುಗಳ ನಡುವೆ ವೋಲ್ಟ್ ಅಳೆಯುವುದು. ಅರ್ಥ್ ವೈರ್ ತುಕ್ಕು ಹಿಡಿದಿದ್ದರೂ ಈ ಅಳತೆಯಲ್ಲಿ ಸಿಕ್ಕಿಬೀಳುತ್ತದೆ. (ಅಲ್ಲೇ ಅಕ್ಕಪಕ್ಕ ಕಾಣುವ ಹಳದಿ ಕಪ್ಲರುಗಳು ಏರ್‌ಬ್ಯಾಗಿನವು, ಅವುಗಳ ತಂಟೆಗೆ ಹೋಗಬೇಡಿ.)

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಹಸಿರು ಬಣ್ಣದ 30 ಆಂಪಿಯರಿನದನ್ನು ಕಿತ್ತು ಕಿತ್ತಳೆಯ 40ರದನ್ನು ಹಾಕುವವರಿದ್ದಾರೆ. ಇದಕ್ಕೆ ಉದ್ದ ಉತ್ತರ ಬೇಡ. ಫ್ಯೂಸ್ ಇರುವುದು ಮೋಟಾರನ್ನು ಕಾಯಲು ಅಲ್ಲ, ವೈರನ್ನು ಕಾಯಲು. ಅದನ್ನು ದಪ್ಪ ಮಾಡಿದರೆ ಡ್ಯಾಶ್‌ಬೋರ್ಡಿನ ಹಿಂದಿನ ವೈರೇ ಫ್ಯೂಸಿನ ಕೆಲಸ ಮಾಡುತ್ತದೆ.

ಹಾಗಾದರೆ ಮೋಟಾರು ಕೆಡುವುದೇ ಇಲ್ಲವೇ? ಕೆಡುತ್ತದೆ. ಒಳಗಿನ ಕಾರ್ಬನ್ ಬ್ರಷ್ ಸವೆಯುವ ವಸ್ತು, ಕಲ್ಲಿನ ಪುಡಿ ಸೇರಿದರೆ ಇನ್ನೂ ಬೇಗ ಸವೆಯುತ್ತದೆ. ಸ್ವಿಚ್ ಹಾಕಿಟ್ಟು ಮೋಟಾರಿನ ಮೈಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಅದು ಎದ್ದು ತಿರುಗಿದರೆ ಬ್ರಷ್ ಮುಗಿಯುತ್ತ ಬಂದಿದೆ ಎಂದು ನಂಬಬಹುದು. ಅಂಥ ಮೋಟಾರನ್ನು ಬದಲಿಸುವುದೇ ಸರಿ. ತಾನಾಗಿಯೇ ತಾಪ ನೋಡಿಕೊಳ್ಳುವ ಎಸಿ ಇರುವ ಕಾರುಗಳಲ್ಲಿ ತಂತಿಸುರುಳಿಯ ಬದಲು ಟ್ರಾನ್ಸಿಸ್ಟರ್ ಇರುವ ಮಾಡ್ಯೂಲ್ ಇರುತ್ತದೆ. ಅಲ್ಲಿ ನಾಲ್ಕನೇ ನಂಬರಿನ ಸಾಕ್ಷ್ಯ ಸಿಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಮಾಡ್ಯೂಲನ್ನೂ ಗಾಳಿಯ ದಾರಿಯಲ್ಲೇ ಕೂರಿಸಿರುತ್ತಾರೆ. ತಂಪು ತಪ್ಪಿದರೆ ಅದೂ ಸುಡುತ್ತದೆ, ಬೆಲೆ ಮಾತ್ರ ರೆಸಿಸ್ಟರಿಗಿಂತ ಬಹಳ ಹೆಚ್ಚು.

ಯುಗಾದಿಗೆ ಮುಂಚೆ ಒಂದು ಸಲ ಗ್ಲೌವ್ ಬಾಕ್ಸ್ ಇಳಿಸಿ ಫಿಲ್ಟರ್ ಹೊರಗೆ ತೆಗೆಯಿರಿ. ಬಿಸಿಲಿಗೆ ಹಿಡಿದಾಗ ಬೆಳಕು ಆಚೆ ದಾಟದಿದ್ದರೆ ಬದಲಿಸಿ. ಅದಾದ ಮೇಲೂ ಬ್ಲೋವರ್ ನಿಂತು, ಮಿಸ್ತ್ರಿ ಸುಟ್ಟ ರೆಸಿಸ್ಟರನ್ನು ಅಂಗೈಯಲ್ಲಿಟ್ಟು ತೋರಿಸಿದರೆ, ಹೊಸದರ ಬೆಲೆ ಕೇಳುವ ಮೊದಲು ಮೋಟಾರು ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ಕೇಳಿ.