ಅಧ್ಯಾಯ 5: ಗಂಡಿಲ್ಲದೆ ಇಡುವ ಮೊಟ್ಟೆ

ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯಾದ ಒಳನಾಡಿನ ಒಣನೆಲದ ಓತಿ. ನಮ್ಮ ಬೇಲಿಯ ಮೇಲೆ ತಲೆಯಾಡಿಸುತ್ತ ಕೂರುವ ಓತಿಕ್ಯಾತನ ಕುಟುಂಬಕ್ಕೇ ಸೇರಿದ್ದು. ಅಮೆರಿಕ, ಯುರೋಪುಗಳಲ್ಲಿ ಇದನ್ನು ಬಹಳ ಮಂದಿ ಸಾಕುತ್ತಾರೆ. ಅಂಥ ಮನೆಗಳಲ್ಲಿ ಒಂದು ದಿನ ಗಾಬರಿ ಹುಟ್ಟುತ್ತದೆ: ಗಂಡಿನ ಮುಖವನ್ನೇ ಕಾಣದ ಒಂಟಿ ಹೆಣ್ಣು ಇಪ್ಪತ್ತು ಮೊಟ್ಟೆ ಇಟ್ಟಿದೆ!

ಇದು ಕಾಯಿಲೆಯಲ್ಲ. ಹುಂಜವಿಲ್ಲದ ಫಾರಂನಲ್ಲೂ ಕೋಳಿ ಮೊಟ್ಟೆಯಿಡುವ ಹಾಗೆಯೇ ಇದು. ಸುಮಾರು ಒಂದು ವರ್ಷಕ್ಕೆ ಪ್ರಾಯಕ್ಕೆ ಬರುವ ಹೆಣ್ಣು ಒಂದು ಸಲಕ್ಕೆ 15–25 ಮೊಟ್ಟೆ ಇಡಬಹುದು, ಒಂದೇ ಋತುವಿನಲ್ಲಿ ಮತ್ತೆ ಮತ್ತೆ ಇಡಬಹುದು. ಗಂಡಿಲ್ಲದೆ ಇಟ್ಟ ಈ ಮೊಟ್ಟೆಗಳು ಮರಿಯಾಗುವುದಿಲ್ಲ; ಹಿಂದೆ ಗಂಡಿನ ಜೊತೆ ಇದ್ದ ಹೆಣ್ಣಾದರೆ ಮಾತು ಬೇರೆ. ಅದು ವೀರ್ಯವನ್ನು ಮೈಯೊಳಗೆ ಕಾದಿಟ್ಟುಕೊಳ್ಳಬಲ್ಲದು. ತಿಂಗಳುಗಳ ನಂತರ ಇಟ್ಟ ಮೊಟ್ಟೆಯೂ ಮರಿಯಾಗಬಹುದು.

ಮರಿಯಾಗದ ಮೊಟ್ಟೆ ತಾನೇ ಎಂದು ಹಗುರವಾಗಿ ನೋಡುವುದು ದೊಡ್ಡ ತಪ್ಪು. ಮರಿಯಾಗಲಿ ಬಿಡಲಿ, ಹಳದಿಗೆ ಬೇಕಾದ ಕೊಬ್ಬು, ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಎಲ್ಲವೂ ತಾಯಿಯ ಮೈಯಿಂದಲೇ ಹೋಗಬೇಕು. ಆಹಾರದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಮೂಳೆಯಿಂದ ಕರಗಿ ಬರುತ್ತದೆ. ಕಾಲು ನಡುಗುವುದು, ದವಡೆ ಮೆತ್ತಗಾಗುವುದು ಅದರ ಕುರುಹು.

ದಿನ ಹತ್ತಿರವಾದಾಗ ಹೊಟ್ಟೆಯ ಎರಡೂ ಪಕ್ಕ ಗೋಲಿಗಳಂತೆ ಉಬ್ಬು ಕಾಣುತ್ತದೆ. ಮೇವು ಬಿಡುತ್ತದೆ, ನಿಂತಲ್ಲಿ ನಿಲ್ಲದೆ ಮೂಲೆ ಮೂಲೆ ಕೆರೆಯುತ್ತದೆ. ಆಗ ಅದಕ್ಕೆ ಬೇಕಾಗಿರುವುದು ಮಣ್ಣು. ಇಡೀ ಮೈ ಹಿಡಿಸುವಷ್ಟು ಅಗಲದ ಡಬ್ಬಿಯಲ್ಲಿ ಒಂದು ಗೇಣಿನಷ್ಟು ಆಳಕ್ಕೆ ಮರಳು ಬೆರೆಸಿದ ಒದ್ದೆ ಮಣ್ಣು ತುಂಬಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಒಣಮಣ್ಣಾದರೆ ತೋಡಿದ ಗುಂಡಿ ಕುಸಿಯುತ್ತದೆ, ಪ್ರಾಣಿ ಬೇಸತ್ತು ಬಿಟ್ಟುಬಿಡುತ್ತದೆ. ಮುಂಗಾಲಿನಿಂದ ಕೆದಕಿ, ಹಿಂಗಾಲಿನಿಂದ ಮಣ್ಣನ್ನು ಹಿಂದಕ್ಕೆ ತಳ್ಳಿ ಬಿಲ ಮಾಡುತ್ತದೆ. ಮೊಟ್ಟೆಯಿಟ್ಟ ಮೇಲೆ ಮಣ್ಣೆಳೆದು ಮುಚ್ಚಿ, ಮೂತಿಯಿಂದ ಒತ್ತಿ ಒತ್ತಿ ಸಮ ಮಾಡುತ್ತದೆ. ಈ ಹೊತ್ತಿನಲ್ಲಿ ಯಾರೂ ಇಣುಕದಿರುವುದು ಬಹಳ ಮುಖ್ಯ; ಡಬ್ಬಿಯ ಸುತ್ತ ಒಂದು ಬಟ್ಟೆ ಹೊದಿಸಿದರೂ ಸಾಕು.

ಮುಗಿದ ಮೇಲೆ ಹೊಟ್ಟೆ ಬತ್ತಿ, ಸೊಂಟದ ಚರ್ಮ ಜೋತುಬಿದ್ದು, ಪ್ರಾಣಿ ಸೋತು ಮಲಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಬಿಡಿ. ಕ್ಯಾಲ್ಸಿಯಂ ಪುಡಿ ಉದುರಿಸಿದ ಹುಳುಗಳನ್ನು ಕೆಲವು ದಿನ ಧಾರಾಳವಾಗಿ ಕೊಡಿ. ಪಾಲಕ್ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತದಂತೆ ಮಾಡುತ್ತದೆ. ಮರಿಯಾಗದ ಮೊಟ್ಟೆಗಳನ್ನು ತೆಗೆದು ಬಿಸಾಡಬಹುದು.

ಎಷ್ಟು ಪುಡಿ ತಿನ್ನಿಸಿದರೂ ಯುವಿಬಿ ಎಂಬ ನೇರಳಾತೀತ ಬೆಳಕಿಲ್ಲದೆ ಪ್ರಯೋಜನವಿಲ್ಲ. ಈ ಬೆಳಕು ಬಿದ್ದಾಗ ಚರ್ಮದಲ್ಲಿ ಡಿ3 ವಿಟಮಿನ್ ಆಗುತ್ತದೆ, ಕ್ಯಾಲ್ಸಿಯಂ ಮೈಗೆ ಹತ್ತುವುದು ಅದರಿಂದ. ಕಿಟಕಿಯ ಗಾಜು ಯುವಿಬಿಯನ್ನು ತಡೆಯುವುದರಿಂದ ಕಿಟಕಿ ಪಕ್ಕದ ಬಿಸಿಲು ಸಾಲದು, ಯುವಿಬಿ ದೀಪ ಬೇಕು. ದೀಪ ಉರಿಯುತ್ತಲೇ ಇದ್ದರೂ ಅದರ ಯುವಿಬಿ ಕ್ರಮೇಣ ಕುಗ್ಗುತ್ತದೆ, ಆದ್ದರಿಂದ ಬಗೆಗೆ ತಕ್ಕಂತೆ 6–12 ತಿಂಗಳಿಗೊಮ್ಮೆ ಬದಲಿಸಬೇಕು. ಬಿಸಿಲು ಕಾಯುವ ಜಾಗದಲ್ಲಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖವಿರಲಿ, ಗೂಡಿನ ಇನ್ನೊಂದು ತುದಿ ತಂಪಾಗಿರಲಿ.

ನಿಜವಾಗಿ ಹೆದರಬೇಕಾದದ್ದು ಮೊಟ್ಟೆ ಒಳಗೇ ಸಿಕ್ಕಿಕೊಂಡಾಗ. ದಿನಗಟ್ಟಲೆ ತೋಡಿಯೂ ಮೊಟ್ಟೆ ಬಾರದೆ, ತಿಣುಕುತ್ತ, ಕಣ್ಣು ಗುಳಿಬಿದ್ದು, ಏಳಲಾರದೆ ಮಲಗಿದರೆ ಒಂದು ದಿನವೂ ಕಾಯಬೇಡಿ. ಹೊಟ್ಟೆಯನ್ನು ಒತ್ತಿ ಹೊರತೆಗೆಯಲು ಹೋಗಲೇಬೇಡಿ, ಮೊಟ್ಟೆ ಒಳಗೇ ಒಡೆಯಬಹುದು. ವೈದ್ಯರು ಎಕ್ಸ್‌ರೇ ತೆಗೆದು ನೋಡಿ ಕ್ಯಾಲ್ಸಿಯಂ, ಆಕ್ಸಿಟೋಸಿನ್ ಚುಚ್ಚುಮದ್ದು ಕೊಡಬಹುದು; ಅದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯೇ ದಾರಿ. ನಾಯಿ, ಬೆಕ್ಕು ನೋಡುವ ಎಲ್ಲ ವೈದ್ಯರಿಗೂ ಸರೀಸೃಪಗಳ ಪರಿಚಯ ಇರುವುದಿಲ್ಲ. ಹೆಣ್ಣನ್ನು ಸಾಕುವವರು ಸರೀಸೃಪಗಳನ್ನು ಬಲ್ಲ ವೈದ್ಯರೊಬ್ಬರನ್ನು ಮೊದಲ ಮೊಟ್ಟೆಗೂ ಮುಂಚೆಯೇ ಗೊತ್ತುಮಾಡಿಕೊಂಡು, ಅವರ ಫೋನ್ ನಂಬರು ಕೈಗೆ ಸಿಗುವಂತೆ ಇಟ್ಟುಕೊಂಡಿರಬೇಕು.