‘60 ಮಿನಿಟ್ಸ್’ ಮತ್ತು ಸಿಗರೇಟ್ ಕಂಪನಿ: ವರದಿ ನಿಜವಾಗಿರುವುದೇ ತೊಂದರೆಯಾದಾಗ

ಟಿವಿಯ ತನಿಖಾ ವರದಿ ಅಂದ ಕೂಡಲೇ ನಮಗೆ ನೆನಪಾಗುವುದು ಗುಪ್ತ ಕ್ಯಾಮೆರಾ, ಕೈಗೆ ಸಿಕ್ಕ ರಹಸ್ಯ ಕಡತ, ಮುಖ ಮಬ್ಬು ಮಾಡಿದ ಸಾಕ್ಷಿ. ಸಾಕ್ಷಿ ಸಿಕ್ಕಿಬಿಟ್ಟರೆ ಕೆಲಸ ಮುಗೀತು ಅಂದುಕೊಳ್ತೇವೆ. 1995ರಲ್ಲಿ ಅಮೆರಿಕದ ಸಿಬಿಎಸ್ ಚಾನೆಲ್‌ಗೆ ಸಾಕ್ಷಿ ಸಿಕ್ಕಿತ್ತು. ಆತ ಮುಖ ಮುಚ್ಚಿಕೊಳ್ಳದೆ ಕ್ಯಾಮೆರಾ ಮುಂದೆ ಕೂತು ಮಾತಾಡಿದ್ದ. ಆದರೂ ಆ ಸಂದರ್ಶನ ತಿಂಗಳುಗಟ್ಟಲೆ ಕಪಾಟಿನಲ್ಲೇ ಕೂತಿತು.

ಆತನ ಹೆಸರು ಜೆಫ್ರಿ ವೈಗಂಡ್. ಬ್ರೌನ್ ಅಂಡ್ ವಿಲಿಯಮ್ಸನ್ ಎಂಬ ಸಿಗರೇಟ್ ಕಂಪನಿಯಲ್ಲಿ ಸಂಶೋಧನಾ ವಿಭಾಗದ ಉಪಾಧ್ಯಕ್ಷನಾಗಿದ್ದವನು. 1993ರಲ್ಲಿ ಕೆಲಸದಿಂದ ತೆಗೆದುಹಾಕಿದ್ದರು. ಒಳಗಿನ ವಿಷಯ ಯಾರಿಗೂ ಹೇಳುವುದಿಲ್ಲ ಅಂತ ಕರಾರಿಗೆ ಸಹಿ ಹಾಕಿಸಿಕೊಂಡಿದ್ದರು. ಮರುವರ್ಷ ಏಪ್ರಿಲ್‌ನಲ್ಲಿ ಅಮೆರಿಕದ 7 ತಂಬಾಕು ಕಂಪನಿಗಳ ಮುಖ್ಯಸ್ಥರು ಸಂಸತ್ತಿನ ಸಮಿತಿ ಮುಂದೆ ಬಲಗೈ ಎತ್ತಿ ಪ್ರಮಾಣ ಮಾಡಿ, ನಿಕೋಟಿನ್ ಚಟ ಹಿಡಿಸುತ್ತದೆ ಅಂತ ತಮಗೆ ಅನಿಸುವುದಿಲ್ಲ ಎಂದರು. ಅವರಲ್ಲಿ ವೈಗಂಡ್‌ನ ಹಳೆಯ ಬಾಸ್ ಥಾಮಸ್ ಸ್ಯಾಂಡಿಫರ್ ಕೂಡ ಇದ್ದರು. ಅವರು ಹೇಳಿದ್ದು ನಿಜವಲ್ಲ, ಸಿಗರೇಟು ಅಂದರೆ ನಿಕೋಟಿನ್ ತಲುಪಿಸುವ ಸಾಧನ ಅನ್ನೋದು ಕಂಪನಿಯೊಳಗೆ ಗೊತ್ತಿದ್ದ ಸಂಗತಿ ಎಂದು ವೈಗಂಡ್ 1995ರ ಆಗಸ್ಟ್‌ನಲ್ಲಿ ‘60 ಮಿನಿಟ್ಸ್’ ಕಾರ್ಯಕ್ರಮದ ಮೈಕ್ ವಾಲೇಸ್ ಮುಂದೆ ಹೇಳಿದ. ಅವನನ್ನು ಅಲ್ಲಿವರೆಗೆ ಕರೆತಂದದ್ದು ನಿರ್ಮಾಪಕ ಲೋವೆಲ್ ಬರ್ಗ್‌ಮನ್.

ಸಂದರ್ಶನಕ್ಕೆ ಅಡ್ಡ ಬಂದವರು ಚಾನೆಲ್‌ನದೇ ವಕೀಲರು. ಇಲ್ಲಿ ಕಾನೂನಿನ ಒಂದು ತಿರುವನ್ನು ನಿಧಾನವಾಗಿ ನೋಡಬೇಕು. ಮಾನಹಾನಿ ಮೊಕದ್ದಮೆಯಲ್ಲಿ ಪತ್ರಕರ್ತನ ದೊಡ್ಡ ಗುರಾಣಿ ಸತ್ಯ. ಬರೆದದ್ದು ನಿಜ ಅಂತ ತೋರಿಸಿದರೆ ಬಚಾವ್. ಸಿಬಿಎಸ್ ವಕೀಲರು ಹೆದರಿದ್ದು ಬೇರೆ ಮೊಕದ್ದಮೆಗೆ. ಇಬ್ಬರ ನಡುವೆ ಒಂದು ಕರಾರಿದೆ, ಮೂರನೆಯವರು ಬಂದು ಅದನ್ನು ಮುರಿಯುವಂತೆ ಒಬ್ಬರ ಮನವೊಲಿಸಿದರು ಅಂದುಕೊಳ್ಳಿ. ಆಗ ನಷ್ಟ ಅನುಭವಿಸಿದವರು ಆ ಮೂರನೆಯವರ ಮೇಲೆ ಪರಿಹಾರ ಕೇಳಬಹುದು. ಬಾಯಿ ಮುಚ್ಚಿಕೊಂಡಿರುವ ಕರಾರನ್ನು ವೈಗಂಡ್ ಮುರಿಯುವಂತೆ ಸಿಬಿಎಸ್ ಮಾಡಿತು ಅನ್ನುವುದು ಆ ಮೊಕದ್ದಮೆಯ ವಾದವಾಗುತ್ತಿತ್ತು. ಇದರಲ್ಲಿ ಸತ್ಯ ಗುರಾಣಿಯಾಗುವುದಿಲ್ಲ. ತಿರುಗಿ, ಹೇಳಿದ್ದು ಎಷ್ಟು ನಿಜವೋ ಕಂಪನಿಗೆ ನಷ್ಟವೂ ಅಷ್ಟೇ ದೊಡ್ಡದು, ಕೇಳುವ ಪರಿಹಾರವೂ ಅಷ್ಟೇ ದೊಡ್ಡದು!

ಈ ಭಯಕ್ಕೆ ಬುಡವೇ ಇರಲಿಲ್ಲ ಅಂತ ಹೇಳಲಾರೆ. ಬೇರೊಂದು ವರದಿಗೆ ಸಲಹೆಗಾರನಾಗಿ ವೈಗಂಡ್‌ಗೆ ಸಿಬಿಎಸ್ 12,000 ಡಾಲರ್ ಕೊಟ್ಟಿತ್ತು. ಅದನ್ನೇ ಆಮಿಷ ಎಂದು ತೋರಿಸಬಹುದಿತ್ತು. ಮೇಲಾಗಿ ಎಬಿಸಿ ಚಾನೆಲ್ ಮೇಲೆ ಫಿಲಿಪ್ ಮಾರಿಸ್ 1,000 ಕೋಟಿ ಡಾಲರ್ ಮೊಕದ್ದಮೆ ಹೂಡಿತ್ತು. ಅದೇ ಆಗಸ್ಟ್‌ನಲ್ಲಿ ಎಬಿಸಿ ಕ್ಷಮೆ ಕೇಳಿ, ವಕೀಲರ ಖರ್ಚು ಕೊಟ್ಟು ರಾಜಿ ಮಾಡಿಕೊಂಡಿತ್ತು.

ಆದರೆ ವಕೀಲರ ಭಯದ ಪಕ್ಕದಲ್ಲೇ ಇನ್ನೂ ಎರಡು ಸಂಗತಿ ಇದ್ದವು. ಸಿಬಿಎಸ್ ಆಗ ವೆಸ್ಟಿಂಗ್‌ಹೌಸ್ ಕಂಪನಿಗೆ ಮಾರಾಟವಾಗುತ್ತಿತ್ತು. ತಲೆಮೇಲೆ ತೂಗುವ ಕೋಟಿಗಟ್ಟಲೆ ಡಾಲರ್ ದಾವೆ ಆ ವ್ಯಾಪಾರವನ್ನೇ ಕೆಡಿಸಬಹುದಿತ್ತು. ಇನ್ನೊಂದು, ಸಿಬಿಎಸ್ ಮುಖ್ಯಸ್ಥ ಲಾರೆನ್ಸ್ ಟಿಶ್ ಕುಟುಂಬದ ಹಿಡಿತದಲ್ಲಿ ಲೋರಿಲಾರ್ಡ್ ಎಂಬ ಸಿಗರೇಟ್ ಕಂಪನಿಯೂ ಇತ್ತು. ಸಂಸತ್ತಿನ ಮುಂದೆ ಕೈ ಎತ್ತಿದ ಆ 7 ಜನರಲ್ಲಿ ಒಬ್ಬರು ಟಿಶ್ ಅವರ ಮಗ. ಇದರಿಂದಲೇ ಸಂದರ್ಶನ ನಿಂತಿತು ಅಂತ ಯಾರೂ ಸಾಬೀತು ಮಾಡಿಲ್ಲ. ಯಾರೋ ಫೋನ್ ಮಾಡಿ ನಿಲ್ಲಿಸಬೇಕಾದ ಅಗತ್ಯವೂ ಇಂಥ ಕಡೆ ಇರುವುದಿಲ್ಲ, ಅಲ್ವಾ?

ನಮ್ಮಲ್ಲಿ ಬಾಯಿ ಮುಚ್ಚಿಸುವ ಕೆಲಸ ಸ್ವಲ್ಪ ಬಹಿರಂಗವಾಗಿಯೇ ನಡೆಯುತ್ತದೆ. 2021ರ ಮಾರ್ಚ್‌ನಲ್ಲಿ ಕರ್ನಾಟಕದ 6 ಮಂದಿ ಸಚಿವರು ಬೆಂಗಳೂರಿನ ಸಿವಿಲ್ ಕೋರ್ಟಿಗೆ ಹೋಗಿ, ತಮ್ಮ ಮಾನ ಕಳೆಯುವಂಥ ಸುದ್ದಿ ಪ್ರಸಾರ ಮಾಡದಂತೆ ಹತ್ತಾರು ಮಾಧ್ಯಮ ಸಂಸ್ಥೆಗಳ ಮೇಲೆ ತಡೆಯಾಜ್ಞೆ ತಂದಿದ್ದರು. ತಡೆಯಾಜ್ಞೆಯಾದರೆ ಕನಿಷ್ಠ ಪಕ್ಷ ಕಣ್ಣಿಗೆ ಕಾಣುತ್ತದೆ, ಮೇಲಿನ ಕೋರ್ಟಿನಲ್ಲಿ ಪ್ರಶ್ನೆ ಮಾಡಬಹುದು. ಸಿಬಿಎಸ್ ವರದಿಯನ್ನು ತಡೆದಾಗ ಯಾವ ಕೋರ್ಟೂ ಆದೇಶ ಕೊಟ್ಟಿರಲಿಲ್ಲ. ಸಿಗರೇಟ್ ಕಂಪನಿ ಅದರ ಮೇಲೆ ಕೇಸೇ ಹಾಕಿರಲಿಲ್ಲ. ಒಳಗಿನವರು ಹೊರಗೆ ಹೇಳದಿದ್ದರೆ ಅಂಥದ್ದೊಂದು ಸಂದರ್ಶನ ಇತ್ತು ಅಂತಲೇ ವೀಕ್ಷಕರಿಗೆ ತಿಳಿಯುತ್ತಿರಲಿಲ್ಲ. ತಿಳಿದದ್ದು ನವೆಂಬರ್‌ನಲ್ಲಿ, ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿದಾಗ. ನವೆಂಬರ್ 12ರಂದು ವೈಗಂಡ್ ಇಲ್ಲದ ಬೋಳು ವರದಿ ಪ್ರಸಾರವಾಯಿತು.

ಕೊನೆಗೆ ದಾರಿ ಬಿಡಿಸಿದ್ದು ಒಂದು ದಿನಪತ್ರಿಕೆ. ತಂಬಾಕು ಕಂಪನಿಗಳ ಮೇಲೆ ಮಿಸಿಸಿಪಿ ರಾಜ್ಯ ಹೂಡಿದ್ದ ದಾವೆಯಲ್ಲಿ ವೈಗಂಡ್ ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದ್ದ. ಕೋರ್ಟು ಅದನ್ನು ಮುಚ್ಚಿಟ್ಟಿತ್ತು. ಅದರ ಪ್ರತಿಯನ್ನು ವಾಲ್ ಸ್ಟ್ರೀಟ್ ಜರ್ನಲ್ 1996ರ ಜನವರಿ 26ರಂದು ಪ್ರಕಟಿಸಿತು. ಗುಟ್ಟು ಒಮ್ಮೆ ರಟ್ಟಾದ ಮೇಲೆ ಸಿಬಿಎಸ್‌ಗೆ ಧೈರ್ಯ ಬಂತು. ಫೆಬ್ರವರಿ 4ರಂದು ಪೂರ್ತಿ ಸಂದರ್ಶನ ತೋರಿಸಿತು. 1998ರಲ್ಲಿ ದೊಡ್ಡ ತಂಬಾಕು ಕಂಪನಿಗಳು 46 ರಾಜ್ಯಗಳಿಗೆ 25 ವರ್ಷಗಳಲ್ಲಿ ಸುಮಾರು 20,600 ಕೋಟಿ ಡಾಲರ್ ಕೊಡಲು ಒಪ್ಪಿದವು. ಅದಕ್ಕೆ ಕಾರಣ ಒಬ್ಬ ಸಾಕ್ಷಿ, ಒಂದು ಟಿವಿ ವರದಿ ಮಾತ್ರ ಅನ್ನುವುದು ಉತ್ಪ್ರೇಕ್ಷೆ. ರಾಜ್ಯಗಳು ಆಗಲೇ ವರ್ಷಗಳಿಂದ ಕೋರ್ಟಿನಲ್ಲಿ ಹೋರಾಡುತ್ತಿದ್ದವು.

ಈ ನಡುವೆ ಕಂಪನಿ ವೈಗಂಡ್ ಮೇಲೆ ಕೇಸು ಹಾಕಿತು. ಅವನ ಚಾರಿತ್ರ್ಯ ಕೆಡಿಸಲು 500 ಪುಟದ ಕಡತ ತಯಾರಿಸಿ ಪತ್ರಕರ್ತರಿಗೆ ಹಂಚಲು ನೋಡಿತು. ವಾಲ್ ಸ್ಟ್ರೀಟ್ ಜರ್ನಲ್ ಪರಿಶೀಲಿಸಿದಾಗ ಅದರಲ್ಲಿದ್ದ ಹಲವು ಆರೋಪಗಳಿಗೆ ಆಧಾರವೇ ಇರಲಿಲ್ಲ. ಉಪಾಧ್ಯಕ್ಷನಾಗಿದ್ದವನು ಅಷ್ಟರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಶಾಲಾ ಮೇಷ್ಟ್ರಾಗಿದ್ದ. ಮಕ್ಕಳಿಗೆ ವಿಜ್ಞಾನ, ಜಪಾನಿ ಭಾಷೆ ಹೇಳಿಕೊಡುತ್ತಿದ್ದ. ಬರ್ಗ್‌ಮನ್ ಸಿಬಿಎಸ್ ಬಿಟ್ಟು, ಜಾಹೀರಾತಿನ ದುಡ್ಡಿನಲ್ಲಿ ನಡೆಯದ ಸಾರ್ವಜನಿಕ ವಾಹಿನಿ ಪಿಬಿಎಸ್‌ನ ‘ಫ್ರಂಟ್‌ಲೈನ್’ಗೆ ವರದಿ ಮಾಡತೊಡಗಿದರು.